ಯೂರಿಕ್ ಆಸಿಡ್ ಒಂಬತ್ತೂವರೆಯಿಂದ 4.8ಕ್ಕೆ: ದಿನಾ ಗುಳಿಗೆ ನುಂಗಿದ ನನ್ನ ಅನುಭವ

ಹೋದ ತಿಂಗಳು ರಕ್ತ ಕೊಟ್ಟು ಬಂದೆ. ಯೂರಿಕ್ ಆಸಿಡ್ 4.8. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಗುಳಿಗೆ ಶುರು ಮಾಡಿ ಎರಡು ವರ್ಷದ ಮೇಲಾಯಿತು. ಹೆಬ್ಬೆರಳು ಬಾತು ಮಲಗಿದ್ದು ಈಚೆಗೆ ಒಂದು ವರ್ಷದಿಂದ ಇಲ್ಲವೇ ಇಲ್ಲ.

"ಜೀವನಪೂರ್ತಿ ಗುಳಿಗಿ ತಿಂದ್ರ ಕಿಡ್ನಿ ಉಳೀತಾವೇನ್ರೀ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ಮಾವ ಕೇಳಿದರು, ಪಕ್ಕದ ಅಂಗಡಿಯವರು ಕೇಳಿದರು, ಔಷಧಿ ಅಂಗಡಿಯ ಹುಡುಗನೂ ಕೇಳಿದ. ಅವರಿಗೆಲ್ಲ ರಿಪೋರ್ಟ್ ತೋರಿಸಿ ಆಯಿತು. ಈಗ ನನ್ನ ಹಾಗೆ ಗೌಟ್ (ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂತು ಬಾವು ಬರುವ ರೋಗ) ಇದ್ದು, ಗುಳಿಗೆ ಶುರು ಮಾಡಬೇಕೋ ಬೇಡವೋ ಅಂತ ಕೂತಿರುವವರಿಗೆ ಬರೆಯುತ್ತಿದ್ದೇನೆ. ರಾತ್ರಿ ಹೊದಿಕೆ ತಾಗಿದರೆ ಬೆರಳು ಹೇಗಾಗುತ್ತದೆ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ.

ನಾನು ಹುಬ್ಬಳ್ಳಿಯಲ್ಲಿ ಟೇಲರ್. ದುರ್ಗದ ಬೈಲಿನಿಂದ ಸ್ವಲ್ಪ ಒಳಗೆ ಅಂಗಡಿ. ಮಷಿನ್‌ಗೆ ಮೋಟಾರ್ ಇದೆ, ಆದರೆ ಪೆಡಲ್ ಒತ್ತೋದು ಬಲಗಾಲೇ. ಬಾವು ಬರುತ್ತಿದ್ದದ್ದೂ ಬಲಗಾಲಿನ ಹೆಬ್ಬೆರಳಿಗೇ. ಬೆರಳು ಬಾತರೆ ಅಂಗಡಿ ಬಂದ್, ಅಷ್ಟೇ. ಅದೂ ಮದುವೆ ಸೀಸನ್‌ನಲ್ಲೇ ಬರುತ್ತಿತ್ತು.

ಮೊದಲ ಕೆಲವು ವರ್ಷ ಇದು ಗೌಟ್ ಅಂತಲೇ ಯಾರೂ ಹೇಳಲಿಲ್ಲ. ಉಳುಕು ಅಂದರು, ಎಣ್ಣೆ ಹಾಕಿ ತಿಕ್ಕಿಸಿದರು. ಬಾತ ಕೀಲನ್ನು ತಿಕ್ಕಿಸಿಕೊಂಡರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಎಕ್ಸ್‌ರೇ ತೆಗೆದರು, ಏನೂ ಕಾಣಲಿಲ್ಲ. ಒಂದು ಸಲ ಬಾವು ಜೋರಾಗಿದ್ದಾಗಲೇ ರಕ್ತ ಪರೀಕ್ಷೆ ಬರೆದರು. ಯೂರಿಕ್ ಆಸಿಡ್ ಆರೂ ಚಿಲ್ಲರೆ ಬಂತು. "ನಾರ್ಮಲ್ ಇದೆ, ಗೌಟ್ ಅಲ್ಲ" ಅಂತ ಕಳಿಸಿದರು. ಬಾವು ಇರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ಇಳಿದು ಕಾಣಬಹುದು, ಪೂರ್ತಿ ಇಳಿದ ಮೇಲೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು ಅನ್ನೋದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆ ಒಂದು "ನಾರ್ಮಲ್" ನನ್ನ ಎರಡು ಮದುವೆ ಸೀಸನ್ ತಿಂದುಹಾಕಿತು. ಕೊನೆಗೆ ಮೊಣಕಾಲೂ ಬಾತಾಗ ಸೂಜಿ ಹಾಕಿ ನೀರು ತೆಗೆದರು. ಮೈಕ್ರೋಸ್ಕೋಪಿನಲ್ಲಿ ಸೂಜಿಯಂಥ ಹರಳು ಕಂಡವು. ಆಮೇಲೆ ವಾದಕ್ಕೆ ಜಾಗವೇ ಇರಲಿಲ್ಲ. ಬಾವು ಇಳಿದ ಮೇಲೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಒಂಬತ್ತೂವರೆ ಹತ್ತಿರ ಬಂತು.

ಆಮೇಲೆ ಶುರುವಾಯಿತು ಪಥ್ಯ. ಗೌಟ್ ಅಂದ ಕೂಡಲೇ ಎಲ್ಲರೂ ಮೊದಲು ಕಸಿದುಕೊಳ್ಳೋದು ಬ್ಯಾಳಿ. ಹೆಸರುಕಾಳು ಬೇಡ, ಮಡಕೆಕಾಳು ಬೇಡ, ಪಾಲಕ್ ಬೇಡ, ಟೊಮೆಟೊ ಬೇಡ, ಮೊಸರೂ ಬೇಡ. ರೊಟ್ಟಿ ಊಟ ಮಾಡುವ ಮನೆಯಲ್ಲಿ ಕಾಳುಪಲ್ಯ ಬಿಟ್ಟರೆ ಉಳಿಯೋದು ಏನು ಹೇಳಿ? ಸುಮಾರು ಒಂದು ವರ್ಷ ಕಟ್ಟುನಿಟ್ಟಾಗಿ ಮಾಡಿದೆ. ಮನೆಯವಳು ನನಗಾಗಿ ಬೇರೆ ಒಲೆಯ ಮೇಲೆ ಬೇರೆ ಅಡುಗೆ ಮಾಡಿದಳು. ತೂಕ ಇಳಿಯಿತು. ಯೂರಿಕ್ ಆಸಿಡ್ ಇಳಿದದ್ದು ಹೆಚ್ಚೆಂದರೆ ಮುಕ್ಕಾಲು ಪಾಯಿಂಟ್. ಎಂಟೂಮುಕ್ಕಾಲು ಇದ್ದರೂ ಹರಳು ಕೂರುತ್ತವೆ, ಒಂಬತ್ತೂವರೆ ಇದ್ದರೂ ಕೂರುತ್ತವೆ. 6.8 ದಾಟಿದರೆ ಅದು ರಕ್ತದಲ್ಲಿ ಕರಗಿ ನಿಲ್ಲಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ತೊಂದರೆ ಇರೋದು ಮುಖ್ಯವಾಗಿ ತಟ್ಟೆಯಲ್ಲಿ ಅಲ್ಲ. ಕಿಡ್ನಿ ಅದನ್ನು ಸಾಕಷ್ಟು ಹೊರಗೆ ಹಾಕೋದಿಲ್ಲ, ಹೆಚ್ಚಿನ ಪಾಲು ಹುಟ್ಟಿನಿಂದಲೇ ಬಂದದ್ದು. ಕಾಳುಬ್ಯಾಳಿಯಿಂದ ಗೌಟ್ ಹೆಚ್ಚೋದಿಲ್ಲ, ಕೊಬ್ಬು ತೆಗೆದ ಹಾಲು ಮೊಸರು ಯೂರಿಕ್ ಆಸಿಡ್ ಸ್ವಲ್ಪ ಇಳಿಸುತ್ತದೆ ಅಂತ ಡಾಕ್ಟರೇ ಹೇಳಿದರು. ಒಂದು ವರ್ಷ ಮೊಸರು ಬಿಡಿಸಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಇನ್ನು ಗುಳಿಗೆಯ ಮೊದಲ ಕಥೆ. ಅಲೋಪ್ಯೂರಿನಾಲ್ ನನಗೆ ಮೊದಲು ಬರೆದುಕೊಟ್ಟವರು ನೇರವಾಗಿ 300 ಮಿ.ಗ್ರಾಂ ಬರೆದರು. ಜೊತೆಗೆ ಬಾವು ಬರದಂತೆ ಕಾವಲಿಗೆ ಬೇರೆ ಔಷಧ ಏನೂ ಇಲ್ಲ. ಹತ್ತು ದಿನದೊಳಗೆ ಹೆಬ್ಬೆರಳು, ಹಿಮ್ಮಡಿ ಎರಡೂ ಬಾತವು. "ನಿಮಗೆ ಈ ಔಷಧ ಒಗ್ಗೋದಿಲ್ಲ" ಅಂದು ನಿಲ್ಲಿಸಿದರು. ಇದು ಒಗ್ಗದ್ದಲ್ಲ. ಯೂರಿಕ್ ಆಸಿಡ್ ದಿಢೀರನೆ ಇಳಿದಾಗ ಕೀಲಿನಲ್ಲಿ ವರ್ಷಗಟ್ಟಲೆ ಕೂತ ಹರಳು ಕರಗುತ್ತಾ ಕದಲುತ್ತವೆ, ಕದಲಿದಾಗ ಬಾವು ಬರುತ್ತದೆ. ಔಷಧ ಕೆಲಸ ಮಾಡುತ್ತಿದೆ ಅನ್ನೋದಕ್ಕೇ ಅದು ಗುರುತು. ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ನನಗೆ ಗೊತ್ತಿರುವ ಗೌಟ್‌ನವರಲ್ಲೇ ಅರ್ಧ ಜನ ಹೀಗೇ ಬಿಟ್ಟವರು.

ಸರಿಯಾದ ಶುರು ಆದದ್ದು ಕೀಲುರೋಗದ ಡಾಕ್ಟರ್ ಒಬ್ಬರ ಹತ್ತಿರ ಹೋದ ಮೇಲೆ. ಅವರು ಮೊದಲು ಕೇಳಿದ್ದು ಗೌಟ್ ಬಗ್ಗೆ ಅಲ್ಲ, ಬಿಪಿ ಗುಳಿಗೆ ಬಗ್ಗೆ. ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಕೊಟ್ಟೆ. ತಿರುಗಿಸಿ ನೋಡಿದರು. ಹಿಂದೆ ಸಣ್ಣ ಅಕ್ಷರದಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಂತಿತ್ತು. ಅದು ಮೂತ್ರ ಹೆಚ್ಚಿಸುವ ಔಷಧ, ಯೂರಿಕ್ ಆಸಿಡ್ ಏರಿಸುತ್ತದೆ. ಅದನ್ನು ತೆಗೆಸಿ ಲೊಸಾರ್ಟನ್‌ಗೆ ಬದಲಿಸಿದರು, ಅದು ಸ್ವಲ್ಪ ಇಳಿಸುತ್ತದೆ. ಇದೊಂದರಿಂದಲೇ ನನಗೆ ಅರ್ಧ ಪಾಯಿಂಟ್ ಇಳಿಯಿತು, ಖರ್ಚು ಸೊನ್ನೆ. ಬಿಪಿ ಇರುವವರು ಈಗಲೇ ಎದ್ದು ಹೋಗಿ ನಿಮ್ಮ ಪಟ್ಟಿಯ ಹಿಂದೆ ಓದಿ. ಆದರೆ ಡಾಕ್ಟರಿಗೆ ಕೇಳದೆ ಬಿಪಿ ಗುಳಿಗೆ ಬಿಡಬೇಡಿ.

ಆಮೇಲೆ ಅಲೋಪ್ಯೂರಿನಾಲ್ 100, ಊಟ ಆದ ಮೇಲೆ ದಿನಕ್ಕೊಂದು. ಕಾವಲಿಗೆ ಕೋಲ್ಚಿಸಿನ್ 0.5, ಅದೂ ದಿನಕ್ಕೊಂದು, ಮೊದಲ ಆರು ತಿಂಗಳು. ಎರಡು ಎಚ್ಚರಿಕೆ ಕೊಟ್ಟರು. ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಅಲೋಪ್ಯೂರಿನಾಲ್ ಅಲ್ಲೇ ನಿಲ್ಲಿಸಿ ಅವತ್ತೇ ಬರಬೇಕು. ಹೀಗಾಗೋದು ಅಪರೂಪ, ಆದರೆ ಹಾಗಾದರೆ ಜೀವಕ್ಕೇ ಅಪಾಯ. ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲೇ ಆಗುತ್ತದೆ. ಇನ್ನೊಂದು, ಕೋಲ್ಚಿಸಿನ್ ನಡೆಯುವಾಗ ಬೇರೆ ಯಾರಾದರೂ ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್ ಬರೆದರೆ ತಿಳಿಸಬೇಕು. ಎರಡೂ ಸೇರಿದರೆ ವಿಷವಾಗುತ್ತದೆ.

ಡೋಸ್ ಏರಿಸೋದು ನನಗೆ ಬೇಗ ಅರ್ಥವಾಯಿತು. ಅದು ಸೂಟ್ ಟ್ರಯಲ್ ಇದ್ದ ಹಾಗೆ: ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ, ಎಷ್ಟು ಬೇಕೋ ಅಷ್ಟೇ ಬಿಚ್ಚಿ ಹಿಡಿಯೋದು. ಎಲ್ಲರಿಗೂ ಒಂದೇ ಅಳತೆ ಇಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಯೂರಿಕ್ ಆಸಿಡ್ ಆರರ ಕೆಳಗೆ ಬರದಿದ್ದರೆ ಇನ್ನೊಂದು 100.

ಇದಕ್ಕೆಲ್ಲ ನಾನು ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಪುಟ ಇಟ್ಟೆ. ಎದೆ, ಸೊಂಟ, ತೋಳು ಅಂತ ಗೆರೆ ಹಾಕಿದ್ದ ಕಡೆ ತಾರೀಕು, ಡೋಸ್, ಯೂರಿಕ್ ಆಸಿಡ್, ಕ್ರಿಯೇಟಿನಿನ್ ಅಂತ ಬರೆದೆ. ಐದನೇ ಗೆರೆಯಲ್ಲಿ ಯಾವ ಕೀಲು, ಎಷ್ಟು ದಿನ. ಆ ಐದನೇ ಗೆರೆ ಮೊದಲ ಪುಟದಲ್ಲಿ ಮಾರ್ಕಿಂಗ್ ಚಾಕಿನ ನೀಲಿ ಕಲೆಯಿಂದ ತುಂಬಿದೆ, ಎರಡನೇ ಪುಟದ ಮಧ್ಯದಿಂದ ಖಾಲಿ. ಯಾರಾದರೂ ಅನುಮಾನ ಪಟ್ಟರೆ ಬಾಯಿ ಮಾತು ಬೇಡ, ಆ ಪುಟ ತೆರೆದು ಮುಂದಿಡುತ್ತೇನೆ.

100ರ ಡೋಸಿಗೆ ಯೂರಿಕ್ ಆಸಿಡ್ ಎಂಟರ ಆಸುಪಾಸು ಬಂತು. 200ಕ್ಕೆ ಏಳಕ್ಕಿಂತ ಸ್ವಲ್ಪ ಮೇಲೆ. ಈ ನಡುವೆ ಬಾವು ಬಂತು, ಇಲ್ಲ ಅನ್ನಲ್ಲ. ಮಂಡಿ ಒಮ್ಮೆ, ಹೆಬ್ಬೆರಳು ಒಂದೆರಡು ಸಲ. ಆದರೆ ಮೊದಲಿನ ಹಾಗೆ ವಾರಗಟ್ಟಲೆ ಅಲ್ಲ, ಎರಡು ಮೂರು ದಿನದಲ್ಲಿ ಇಳಿಯುತ್ತಿತ್ತು. ಮಾವ ಬಂದು "ನಾ ಹೇಳಿದ್ದೆಲ್ಲಪಾ, ಬಿಟ್ಟುಬಿಡು" ಅಂದರು. ನಾನು ಒಂದು ದಿನವೂ ಬಿಡಲಿಲ್ಲ. ಬಾವು ಬಂದಾಗ ಅಲೋಪ್ಯೂರಿನಾಲ್ ನಿಲ್ಲಿಸಬಾರದು, ಅದನ್ನು ಹಾಗೇ ನಡೆಸಿ ಬಾವಿಗೆ ಬೇರೆ ಔಷಧ ತಗೋಬೇಕು. ಬಾವಿನ ರಾತ್ರಿಗೆ ಅಂತ ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟಿದ್ದಾರೆ, ಅದು ಸದಾ ಪಾಕೀಟಿನಲ್ಲಿರುತ್ತದೆ. ಅದರಲ್ಲೇನಿದೆ ಅಂತ ಇಲ್ಲಿ ಬರೆಯಲ್ಲ. ಅದು ನನ್ನ ಕಿಡ್ನಿ, ನನ್ನ ಬಿಪಿ ನೋಡಿ ಬರೆದದ್ದು, ನಿಮ್ಮದನ್ನು ನೀವು ಬರೆಸಿಕೊಳ್ಳಿ.

300ಕ್ಕೆ 6.3 ಬಂದು ನಿಂತಿತು. ಹೆಚ್ಚಿನವರು ಇಲ್ಲಿಗೇ ಸಾಕು ಅನ್ನುತ್ತಾರೆ. 300 ಅಂದರೆ ಕೊನೆ ಅನ್ನೋ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಕಿಡ್ನಿ ಸರಿ ಇದ್ದು ಬೇಕಾದರೆ 800ರವರೆಗೂ ಏರಿಸಬಹುದು ಅಂತ ಡಾಕ್ಟರ್ ತೋರಿಸಿದರು. 400 ಬರೆದರು. ಔಷಧಿ ಅಂಗಡಿಯಲ್ಲಿ ಚೀಟಿಯನ್ನು ಎರಡು ಸಲ ಓದಿ, ಫೋನ್ ಮಾಡಿ ಕೇಳಿ ಆಮೇಲೆ ಕೊಟ್ಟರು. ಮುಂದಿನ ಪರೀಕ್ಷೆಯಲ್ಲಿ 5.4. ಅವತ್ತು ಕೊಪ್ಪಿಕರ್ ರೋಡಿನಲ್ಲಿ ಮಿರ್ಚಿ ಭಜಿ, ಗಿರ್ಮಿಟ್ ತಂದು ಅಂಗಡಿಯ ಹುಡುಗರಿಗೆಲ್ಲ ಹಂಚಿದೆ.

ಔಷಧದ ಬಗ್ಗೆಯೂ ಒಂದು ಮಾತು. ಅಲೋಪ್ಯೂರಿನಾಲ್ ಹೊಸದೇನಲ್ಲ, ಅಮೆರಿಕದಲ್ಲಿ 1966ರಿಂದ ಬಳಕೆಯಲ್ಲಿದೆ. ಅದರ ಹಿಂದೆ ದುಡಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಈಗ ನಮ್ಮ ಕಡೆ ಯೂರಿಕ್ ಆಸಿಡ್ ಇಳಿಸುವ ಇನ್ನೊಂದು ಗುಳಿಗೆ, ಫೆಬುಕ್ಸೋಸ್ಟಾಟ್ 40, ಜಾಸ್ತಿ ಬರೆಯುತ್ತಾರೆ. ಗದಗಿನ ನನ್ನ ಗೆಳೆಯ ಅದರಲ್ಲೇ ಚೆನ್ನಾಗಿದ್ದಾನೆ. ಆದರೆ ಹೃದಯದ ತೊಂದರೆ ಇರುವವರು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಲೇಬೇಕು. ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಅದಕ್ಕೆ ದೊಡ್ಡ ಎಚ್ಚರಿಕೆ ಹಾಕಿದ್ದಾರೆ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಆಪಲ್ ಸೈಡರ್ ವಿನೆಗರ್ ಒಂದು ಬಾಟಲಿ ಮುಗಿಸಿದೆ, ಸಂಖ್ಯೆ ಕದಲಲಿಲ್ಲ, ಎದೆಯುರಿ ಬಂತು. ಒಣಗಿದ ಚೆರ್ರಿ ಬೆಂಗಳೂರಿನಿಂದ ತರಿಸಿದೆ, ಆ ದುಡ್ಡಿನಲ್ಲಿ ಎರಡು ತಿಂಗಳ ಗುಳಿಗೆ ಬರುತ್ತಿತ್ತು. ಮನೆಯಲ್ಲೇ ನೋಡುವ ಮೀಟರ್ ಮೂರು ಸಾವಿರದ ಹತ್ತಿರ ಕೊಟ್ಟು ತಗೊಂಡೆ. ಲ್ಯಾಬಿಗೂ ಅದಕ್ಕೂ ಒಂದು ಪಾಯಿಂಟ್ ವ್ಯತ್ಯಾಸ. ಮೀಟರಿಗೆ ಹಾಕುವ ಪಟ್ಟಿ ಖಾಲಿಯಾದ ಮೇಲೆ ಮತ್ತೆ ತರಿಸಲಿಲ್ಲ. ನೀರು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು. ಏಪ್ರಿಲ್ ಮೇ ಬಿಸಿಲಲ್ಲಿ ಇಸ್ತ್ರಿ ಪೆಟ್ಟಿಗೆ ಪಕ್ಕ ನಿಂತು ಮೈ ಒಣಗಿದ ಮರುದಿನವೇ ನನಗೆ ಬೆರಳು ಜುಮ್ಮೆನ್ನುತ್ತಿತ್ತು. ಈಗ ಮಷಿನ್ ಪಕ್ಕ ಎರಡು ದೊಡ್ಡ ಬಾಟಲಿ ಇರುತ್ತವೆ.

ಕಲಘಟಗಿ ಕಡೆಯ ಒಬ್ಬ ಹಿರಿಯರು ಅಗ್ನಿಶಿಖೆಯ ಗೆಡ್ಡೆ ಅರೆದು ತಿನ್ನಲು ಹೇಳಿದರು. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯಂತೆ ಅರಳುತ್ತದಲ್ಲ, ಅದೇ. ಕೇಳಿದರೆ ಡಾಕ್ಟರ್ ಗಾಬರಿಯಾದರು. ಅದರಲ್ಲಿ ಇರೋದು ಕೋಲ್ಚಿಸಿನ್ನೇ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಅದನ್ನು ಬೆಳೆಯುತ್ತಾರಂತೆ. ಆದರೆ ಗೆಡ್ಡೆಯಲ್ಲಿ ಎಷ್ಟಿದೆ ಅಂತ ಅಳತೆ ಸಿಗೋದಿಲ್ಲ, ತಿಂದವರು ಸತ್ತಿದ್ದಾರೆ. ದಯವಿಟ್ಟು ಯಾರೂ ಮುಟ್ಟಬೇಡಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮೊದಲು ಒಂದು ಬಾವು ಅಂದರೆ ಇಂಜೆಕ್ಷನ್, ನೋವಿನ ಗುಳಿಗೆ, ಆಟೋ ಎಲ್ಲ ಸೇರಿ ಎರಡು ಎರಡೂವರೆ ಸಾವಿರ. ವಾಪಸ್ ಹೋದ ಆರ್ಡರ್ ಸೇರಿಸಿದರೆ ಸೀಸನ್‌ನಲ್ಲಿ ಹತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಈಗ ಅಲೋಪ್ಯೂರಿನಾಲ್ ತಿಂಗಳಿಗೆ ಮುನ್ನೂರರ ಒಳಗೆ. ರಕ್ತ ಪರೀಕ್ಷೆ ಮೊದಲು ತಿಂಗಳಿಗೊಮ್ಮೆ, ಈಗ ಆರು ತಿಂಗಳಿಗೊಮ್ಮೆ. ಲ್ಯಾಬಿನವರ ಹತ್ತಿರ ರೇಟ್ ಹೇಗೆ ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಜೆನೆರಿಕ್ ತಗೊಂಡರೆ ಇನ್ನೂ ಕಮ್ಮಿ. ನಾನು ಒಂದು ಪಟ್ಟಿ ಜನೌಷಧಿಯದ್ದು, ಒಂದು ಪಟ್ಟಿ ಕಂಪನಿಯದ್ದು ಅಂತ ಬದಲಾಯಿಸಿ ನೋಡಿದೆ. ರಿಪೋರ್ಟಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಊಟ ಈಗ ಮನೆಯವರೆಲ್ಲರ ಜೊತೆ ಒಂದೇ ತಟ್ಟೆ ಅಡುಗೆ. ಬ್ಯಾಳಿ, ಕಾಳು, ಮೊಸರು, ಪುಂಡಿಪಲ್ಯ ಎಲ್ಲ ಇದೆ. ಸಾವಜಿ ಖಾನಾವಳಿಗೂ ಹೋಗುತ್ತೇನೆ, ಆದರೆ ಲಿವರ್, ಭೇಜಾ ಮುಟ್ಟಲ್ಲ, ಮಟನ್ ಎರಡು ತುಂಡಿಗೆ ಕೈ ತೊಳೆಯುತ್ತೇನೆ. ಬಿಯರ್ ಪೂರ್ತಿ ಬಿಟ್ಟಿದ್ದೇನೆ, ಬಾಟಲಿ ಕೂಲ್‌ಡ್ರಿಂಕ್ಸ್ ಕೂಡ. ಹೋದ ಸಲ ಧಾರವಾಡದಿಂದ ಯಲ್ಲಮ್ಮನ ಗುಡ್ಡಕ್ಕೆ ನಡೆದೇ ಹೋದೆ. ಜೊತೆಗೆ ಬಂದ ಹುಡುಗರು ಸವದತ್ತಿ ಹತ್ತಿರ ಕಾಲು ಹಿಡಿದು ಕೂತರು, ನಾನು ಕೂರಲಿಲ್ಲ.

ಈಗ ಉಳಿದಿರೋದು ಎಡ ಮೊಣಕೈಯ ಗಂಟು. ಹರಳು ಸೇರಿ ಸುಣ್ಣದ ಹಾಗೆ ಗಟ್ಟಿಯಾದದ್ದು. ಗಂಟು ಇದ್ದವರಿಗೆ ಆರು ಸಾಲದು, ಐದರ ಕೆಳಗೆ ಇಡಬೇಕು. ಅದಕ್ಕೇ 4.8ಕ್ಕೆ ತಂದು ನಿಲ್ಲಿಸಿದ್ದು. ಗುಳಿಗೆ ಶುರು ಮಾಡುವ ದಿನ ಟೇಪು ಹಿಡಿದು ಅಳೆದಿದ್ದೆ, ಒಂದಿಂಚಿನ ಮೇಲೆ ಒಂದೆರಡು ನೂಲು ಇತ್ತು. ಈಗ ಅರ್ಧ ಇಂಚು ಇಲ್ಲ. ಡಾಕ್ಟರ್ ಕೊಯ್ಯುವ ಮಾತೇ ಆಡುತ್ತಿಲ್ಲ. ಇದೇ ಡೋಸಿನಲ್ಲಿ ಇಡೋಣ, ದೀಪಾವಳಿ ಆದ ಮೇಲೆ ಮತ್ತೆ ರಕ್ತ ನೋಡೋಣ ಅಂದಿದ್ದಾರೆ.