ಹಬ್ಬ ಮುಗಿದ ವಾರಾಂತ್ಯಕ್ಕೆ ಹಿತವಾದ ಊಟ, ಬೆಚ್ಚಗಿನ ಪಾನೀಯ

ಹಬ್ಬದ ದಿನ ಅಡುಗೆಮನೆಯಲ್ಲಿ ನಾಲ್ಕೂ ಒಲೆಗಳು ಒಟ್ಟಿಗೆ ಉರಿಯುತ್ತಿರುತ್ತವೆ, ಯಾವುದೋ ಒಂದು ಪಾತ್ರೆ ಉಕ್ಕುತ್ತಿರುತ್ತದೆ, ಊಟದ ಹೊತ್ತು ಹತ್ತಿರವಾದಷ್ಟೂ ಉರಿ ಏರುತ್ತಾ ಹೋಗುತ್ತದೆ. ಅದರ ಬೆನ್ನಿಗೆ ಬರುವ ವಾರಾಂತ್ಯದಲ್ಲಿ ನಮ್ಮ ಬಳಿ ಉಳಿದಿರುವುದು ದಣಿದ ಮೈ, ಸಿಹಿ ಮತ್ತು ಕರಿದ ತಿನಿಸುಗಳಿಂದ ಮಂಕಾದ ನಾಲಿಗೆ, ಫ್ರಿಜ್‌ನಲ್ಲಿ ಅರೆಬರೆ ತುಂಬಿದ ಡಬ್ಬಿಗಳು ಮತ್ತು ಬೇಕಾದಷ್ಟು ಸಮಯ. ಈ ಸಮಯವೇ ಆ ಎರಡು ದಿನಗಳ ಅಡುಗೆಯ ಮುಖ್ಯ ಸಾಮಗ್ರಿ ಎಂಬುದು ಈ ಲೇಖನದ ಆಧಾರ. ಇಲ್ಲಿ ವಿವರಿಸಿರುವ ಈರುಳ್ಳಿ ಸೂಪ್, ಚೀಸ್ ಹಾಕಿ ಬೇಕ್ ಮಾಡಿದ ಪಾಸ್ತಾ ಮತ್ತು ಬಿಸಿ ಕಾಕ್‌ಟೇಲ್‌ಗಳು ಒಂದೇ ನಿಯಮಕ್ಕೆ ಒಳಪಟ್ಟಿವೆ: ಉರಿ ಮಂದವಾಗಿರಬೇಕು. ಉರಿ ಹೆಚ್ಚಾದರೆ ಈರುಳ್ಳಿ ಸೀಯುತ್ತದೆ, ಚೀಸ್ ಒಡೆಯುತ್ತದೆ, ವೈನ್ ತನ್ನ ಪರಿಮಳವನ್ನು ಕಳೆದುಕೊಳ್ಳುತ್ತದೆ.

ಮೊದಲು ಫ್ರಿಜ್ ನೋಡಿ

ಒಲೆ ಹಚ್ಚುವ ಮೊದಲು ಉಳಿದ ಅಡುಗೆಯನ್ನೆಲ್ಲ ಹೊರಗೆ ತೆಗೆದು ವಿಂಗಡಿಸಬೇಕು. ಬೇಯಿಸಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೇ ಇದ್ದಿದ್ದರೆ ಅದನ್ನು ಎಸೆಯುವುದೇ ಸರಿ. ಸಕಾಲಕ್ಕೆ ಫ್ರಿಜ್ ಸೇರಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ಇದ್ದ ಅಡುಗೆ ಮೂರರಿಂದ ನಾಲ್ಕು ದಿನ ಬಳಕೆಗೆ ಯೋಗ್ಯವಾಗಿರುತ್ತದೆ. ಮೂಸಿ ನೋಡಿ ತೀರ್ಮಾನಿಸುವ ಅಭ್ಯಾಸ ಸಾಲದು, ಏಕೆಂದರೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಆಹಾರದ ವಾಸನೆಯನ್ನಾಗಲಿ ರುಚಿಯನ್ನಾಗಲಿ ಬದಲಿಸದೆಯೂ ಬೆಳೆಯಬಲ್ಲವು. ಮತ್ತೆ ಬಿಸಿ ಮಾಡುವಾಗ ನಡುಭಾಗವೂ 74 ಡಿಗ್ರಿ ತಲುಪಬೇಕು, ಅಂದರೆ ಒಳಗಿನಿಂದಲೂ ಹಬೆ ಏಳುವಷ್ಟು ಬಿಸಿಯಾಗಬೇಕು.

ವಿಂಗಡಿಸುವಾಗ ಕೋಳಿಯ ಮೂಳೆ, ಕ್ಯಾರೆಟ್ ಮತ್ತು ಸೆಲರಿಯ ತುದಿಗಳು, ಅಣಬೆಯ ಕಾಂಡ, ಕೊತ್ತಂಬರಿಯ ದಂಟು ಇವುಗಳನ್ನು ಬೇರೆ ಇಟ್ಟುಕೊಂಡರೆ ಸೂಪ್‌ನ ಅರ್ಧ ಕೆಲಸ ಮುಗಿದಂತೆಯೇ. ಇವೆಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ತಣ್ಣೀರು ಸುರಿದು, ಹತ್ತು ಕಾಳುಮೆಣಸು ಸೇರಿಸಿ ಸಣ್ಣ ಉರಿಯಲ್ಲಿಡಬೇಕು. ಆಗೊಂದು ಈಗೊಂದು ಗುಳ್ಳೆ ಮೇಲೇಳುವಷ್ಟು ಬಿಸಿಯಿದ್ದರೆ ಸಾಕು. ರಭಸದಿಂದ ಕುದಿಸಿದರೆ ಕೊಬ್ಬು ನೀರಿನಲ್ಲಿ ಬೆರೆತು ಸ್ಟಾಕ್, ಅಂದರೆ ಹೀಗೆ ಇಳಿಸಿದ ಸಾರ, ಕದಡುತ್ತದೆ. ಮೂಳೆಯ ಸ್ಟಾಕ್‌ಗೆ ಮೂರು ಗಂಟೆ ಬೇಕು. ಮೂಳೆಯಲ್ಲಿರುವ ಕೊಲಾಜೆನ್ ಆ ಹೊತ್ತಿನಲ್ಲಿ ಜೆಲಟಿನ್ ಆಗಿ ನೀರಿಗಿಳಿಯುವುದರಿಂದ ಸೂಪ್‌ಗೆ ಮೈ ಬರುತ್ತದೆ. ಸೋಸಿ ಫ್ರಿಜ್‌ನಲ್ಲಿಟ್ಟ ಸ್ಟಾಕ್ ಮರುದಿನ ಗಟ್ಟಿಯಾಗಿ ಅಲುಗಾಡುತ್ತಿದ್ದರೆ ಅದು ಕೆಟ್ಟಿದೆ ಎಂದು ಹೆದರಬೇಕಿಲ್ಲ, ಜೆಲಟಿನ್ ಚೆನ್ನಾಗಿ ಇಳಿದಿದೆ ಎಂದೇ ಅರ್ಥ. ತರಕಾರಿಯ ಸ್ಟಾಕ್‌ಗೆ ಮುಕ್ಕಾಲು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಕುದಿಸಿದರೆ ಕಹಿಯ ಛಾಯೆ ಬರುತ್ತದೆ. ಸ್ಟಾಕ್‌ಗೆ ಈ ಹಂತದಲ್ಲಿ ಉಪ್ಪು ಹಾಕಬಾರದು. ಮುಂದೆ ಸೂಪ್ ಕುದಿದು ಬತ್ತಿದಾಗ ಅದು ತಾನಾಗಿಯೇ ಹೆಚ್ಚಾಗಿಬಿಡುತ್ತದೆ.

ಈರುಳ್ಳಿ ಸೂಪ್

ನಾಲ್ಕು ಜನರ ಸೂಪ್‌ಗೆ ಒಂದು ಕಿಲೋ ಈರುಳ್ಳಿ ಬೇಕು. ಹೆಚ್ಚಿದಾಗ ಅದು ಪಾತ್ರೆಯ ಬಾಯಿಯವರೆಗೂ ಬರುತ್ತದೆ, ಬೆಂದಾಗ ತಳದಲ್ಲಿ ಹಿಡಿಯಷ್ಟು ಉಳಿಯುತ್ತದೆ. ಆದ್ದರಿಂದ ಪ್ರಮಾಣ ಕಂಡು ಕಡಿಮೆ ಮಾಡಬಾರದು. ತಳ ದಪ್ಪಗಿರುವ ಅಗಲವಾದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆ ಮತ್ತು ಒಂದು ದೊಡ್ಡ ಚಮಚ ಎಣ್ಣೆಯನ್ನು ಕಾಯಿಸಿ, ಉದ್ದಕ್ಕೆ ತೆಳುವಾಗಿ ಹೆಚ್ಚಿದ ಈರುಳ್ಳಿಯನ್ನು ಹಾಕಿ, ಅರ್ಧ ಚಿಕ್ಕ ಚಮಚ ಉಪ್ಪು ಉದುರಿಸಿ ಮುಚ್ಚಳ ಮುಚ್ಚಬೇಕು. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುವುದರಿಂದ ಮೊದಲ ಹದಿನೈದು ನಿಮಿಷ ಅದು ತನ್ನದೇ ನೀರಿನಲ್ಲಿ ಬೇಯುತ್ತದೆ. ಆಮೇಲೆ ಮುಚ್ಚಳ ತೆಗೆದು ನೀರು ಆರಲು ಬಿಡಬೇಕು.

ಇಲ್ಲಿಂದ ಮುಂದಿನ ಮುಕ್ಕಾಲು ಗಂಟೆಯೇ ಈ ಸೂಪ್‌ನ ಜೀವ. ನೀರಿರುವವರೆಗೆ ಪಾತ್ರೆಯೊಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ; ನೀರು ಆರಿದ ಮೇಲೆ ಉಷ್ಣಾಂಶ ಏರಿ, ಈರುಳ್ಳಿಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದರೊಡನೊಂದು ವರ್ತಿಸಿ ಹೊಸ ಬಣ್ಣ, ಹೊಸ ಪರಿಮಳಗಳು ಹುಟ್ಟುತ್ತವೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ್ದು ಈ ಕ್ರಿಯೆಯನ್ನೇ. ಬ್ರೆಡ್ಡಿನ ಹೊರಪದರದ ಹೊಂಬಣ್ಣಕ್ಕೂ ಹುರಿದ ಕಾಫಿ ಬೀಜದ ಘಮಕ್ಕೂ ಕಾರಣ ಇದೇ. ಐದು ನಿಮಿಷಕ್ಕೊಮ್ಮೆ ಕೈಯಾಡಿಸುತ್ತಿದ್ದರೆ ಈರುಳ್ಳಿ ಮೊದಲು ಹಳದಿಯಾಗಿ, ಬಳಿಕ ಹೊಂಬಣ್ಣಕ್ಕೆ ತಿರುಗಿ, ಕೊನೆಗೆ ಬೆಲ್ಲದ ಬಣ್ಣಕ್ಕೆ ಬರುತ್ತದೆ. ತಳಕ್ಕೆ ಕಂದು ಪದರವೊಂದು ಅಂಟಿಕೊಂಡರೆ ಒಂದು ಚಮಚ ನೀರು ಚಿಮುಕಿಸಿ ಮರದ ಸೌಟಿನಿಂದ ಕೆರೆದು ಈರುಳ್ಳಿಗೇ ಸೇರಿಸಬೇಕು, ಏಕೆಂದರೆ ರುಚಿಯ ದೊಡ್ಡ ಪಾಲು ಇರುವುದು ಆ ಪದರದಲ್ಲಿ. ಅದು ಕಪ್ಪಾಗಿದ್ದರೆ ಮಾತ್ರ ಕೆರೆಯದೆ, ಮೇಲಿನ ಈರುಳ್ಳಿಯನ್ನಷ್ಟೇ ಬೇರೆ ಪಾತ್ರೆಗೆ ವರ್ಗಾಯಿಸಬೇಕು. ಬೇಗ ಕಂದಾಗಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣವೇನೋ ಬೇಗ ಬರುತ್ತದೆ, ಆದರೆ ಈರುಳ್ಳಿ ಕರಗಿ ಮುದ್ದೆಯಾಗುತ್ತದೆ. ಬಿಡುವಿರುವ ವಾರಾಂತ್ಯದಲ್ಲಿ ಅಂಥ ಅಡ್ಡದಾರಿಯ ಅಗತ್ಯವೇ ಇಲ್ಲ.

ಬಣ್ಣ ಬಂದ ಮೇಲೆ ಒಂದು ದೊಡ್ಡ ಚಮಚ ಮೈದಾ ಉದುರಿಸಿ ಎರಡು ನಿಮಿಷ ಹುರಿದು, 150 ಮಿಲಿಲೀಟರ್ ಬಿಳಿ ವೈನ್ ಸುರಿದು ಅದು ಅರ್ಧಕ್ಕಿಳಿಯುವವರೆಗೆ ಕುದಿಸಬೇಕು. ನಂತರ ಒಂದೂಕಾಲು ಲೀಟರ್ ಬಿಸಿ ಸ್ಟಾಕ್ ಸೇರಿಸಿ ಅರ್ಧ ಗಂಟೆ ಸಣ್ಣ ಉರಿಯಲ್ಲಿಟ್ಟು ಉಪ್ಪು, ಕಾಳುಮೆಣಸಿನ ಪುಡಿಯ ಹದ ನೋಡಬೇಕು. ಅಡುಗೆಗೆ ಹಾಕಿದ ವೈನ್‌ನ ಆಲ್ಕೋಹಾಲ್ ಪೂರ್ತಿ ಆವಿಯಾಗುತ್ತದೆ ಎಂಬ ನಂಬಿಕೆ ನಿಜವಲ್ಲ. ಅರ್ಧ ಗಂಟೆ ಕುದಿಸಿದರೂ ಒಂದು ಪಾಲು ಉಳಿದೇ ಇರುತ್ತದೆ. ಮಕ್ಕಳು ಅಥವಾ ಮದ್ಯ ಸೇವಿಸದವರು ಊಟಕ್ಕಿದ್ದರೆ ವೈನ್ ಬಿಟ್ಟು, ಕೊನೆಯಲ್ಲಿ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿದರಾಯಿತು. ಎರಡರಲ್ಲಿ ಒಂದು ಹುಳಿ ಇರಲೇಬೇಕು, ಇಲ್ಲವಾದರೆ ಈರುಳ್ಳಿಯ ಸಿಹಿ ನಾಲ್ಕನೆಯ ಚಮಚಕ್ಕೇ ಮುಖ ಕಟ್ಟುತ್ತದೆ.

ಬಡಿಸುವಾಗ ಗರಿಗರಿಯಾಗಿ ಕಾಯಿಸಿದ ಬ್ರೆಡ್ ತುಂಡನ್ನು ಸೂಪ್‌ನ ಮೇಲೆ ತೇಲಿಸಿ, ತುರಿದ ಗ್ರುಯೇರ್ ಅಥವಾ ಎಮೆಂಟಾಲ್ ಚೀಸನ್ನು ಧಾರಾಳವಾಗಿ ಹರಡಿ, ಓವನ್‌ನ ಗ್ರಿಲ್‌ನ ಕೆಳಗೆ ಚೀಸ್ ಉಬ್ಬಿ ಅಲ್ಲಲ್ಲಿ ಕಂದಾಗುವವರೆಗೆ ಇಡಬೇಕು. ಬಟ್ಟಲುಗಳು ಓವನ್ನಿನ ಬಿಸಿ ತಾಳುವಂಥವಾಗಿರಬೇಕು. ಓವನ್ ಇಲ್ಲದವರು ಚೀಸ್ ಹರಡಿದ ಬ್ರೆಡ್ಡನ್ನು ಕಾವಲಿಯಲ್ಲಿ ಮುಚ್ಚಳ ಮುಚ್ಚಿ ಕರಗಿಸಿ ಸೂಪ್‌ನ ಮೇಲಿಡಬಹುದು. ಕಂದು ಬಣ್ಣ ಬರುವುದಿಲ್ಲವಾದರೂ ರುಚಿಗೆ ಕೊರತೆಯಿಲ್ಲ.

ಭಾನುವಾರಕ್ಕೆ ಚೀಸ್ ಪಾಸ್ತಾ

ಈ ಖಾದ್ಯದಲ್ಲಿ ಕಲಿಯಬೇಕಾದದ್ದು ಬಿಳಿ ಸಾಸ್ ಒಂದನ್ನೇ. 300 ಗ್ರಾಂ ಮ್ಯಾಕರೋನಿಯನ್ನು ಲೀಟರಿಗೆ 10 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಪೊಟ್ಟಣದ ಮೇಲೆ ಬರೆದಿರುವುದಕ್ಕಿಂತ ಎರಡು ನಿಮಿಷ ಕಡಿಮೆ ಬೇಯಿಸಿ ಬಸಿದಿಡಬೇಕು. ಓವನ್‌ನಲ್ಲಿ ಅದು ಸಾಸ್ ಹೀರಿಕೊಂಡು ಮತ್ತೆ ಬೇಯುವುದರಿಂದ ಈಗಲೇ ಪೂರ್ತಿ ಬೆಂದರೆ ಮೆತ್ತಗಾಗುತ್ತದೆ. ಇನ್ನೊಂದು ಪಾತ್ರೆಯಲ್ಲಿ 45 ಗ್ರಾಂ ಬೆಣ್ಣೆ ಕರಗಿಸಿ, ಅಷ್ಟೇ ತೂಕದ ಮೈದಾ ಸೇರಿಸಿ, ಬಣ್ಣ ಬದಲಾಗದಂತೆ ಹಸಿವಾಸನೆ ಹೋಗುವವರೆಗೆ ಎರಡು ನಿಮಿಷ ಹುರಿಯಬೇಕು. 750 ಮಿಲಿಲೀಟರ್ ಹಾಲನ್ನು ಮೊದಲು ಸ್ವಲ್ಪ ಸ್ವಲ್ಪವಾಗಿ, ಪ್ರತಿ ಸಲವೂ ಹಿಟ್ಟು ನುಣುಪಾದ ಮೇಲೆಯೇ ಮುಂದಿನ ಪಾಲು ಸುರಿಯುತ್ತಾ ಹೋದರೆ ಗಂಟಾಗುವುದಿಲ್ಲ. ಸಾಸ್ ಸೌಟಿನ ಹಿಂಬದಿಗೆ ಅಂಟಿ, ಬೆರಳಿನಿಂದ ಎಳೆದ ಗೆರೆ ಹಾಗೆಯೇ ನಿಲ್ಲುವಷ್ಟು ದಪ್ಪವಾದಾಗ ಒಲೆಯನ್ನು ಆರಿಸಿ, ಎರಡು ನಿಮಿಷ ತಣಿಯಲು ಬಿಟ್ಟು, ಅದಾದ ಮೇಲೆ 250 ಗ್ರಾಂ ತುರಿದ ಚೀಸನ್ನು ಹಿಡಿ ಹಿಡಿಯಾಗಿ ಬೆರೆಸಬೇಕು.

ಒಲೆಯನ್ನು ಆರಿಸಿದ ಮೇಲೆಯೇ ಎಂದು ಒತ್ತಿ ಹೇಳಲು ಕಾರಣವಿದೆ. ಕುದಿಯುವ ಸಾಸ್‌ನಲ್ಲಿ ಚೀಸ್‌ನ ಪ್ರೋಟೀನ್‌ಗಳು ಬಿಗಿದುಕೊಂಡು ಕೊಬ್ಬನ್ನು ಹೊರಗೆ ಹಿಂಡಿಬಿಡುತ್ತವೆ; ಆಗ ಸಾಸ್ ತರಿತರಿಯಾಗಿ, ಮೇಲೆ ಎಣ್ಣೆ ತೇಲುತ್ತದೆ. ಹಳತಾದ ಗಟ್ಟಿ ಚೀಸ್‌ಗಳಿಗೆ ಈ ಗುಣ ಹೆಚ್ಚು. ಆದ್ದರಿಂದ ರುಚಿಗೆ ಹಳೆಯ ಚೆಡ್ಡಾರ್, ನುಣುಪಿಗೆ ಬೇಗ ಕರಗುವ ಎಳೆಯ ಚೀಸ್ ಹೀಗೆ ಎರಡನ್ನೂ ಬೆರೆಸುವುದು ಒಳ್ಳೆಯದು. ತುರಿದೇ ಸಿಗುವ ಚೀಸ್‌ಗೆ ಒಂದಕ್ಕೊಂದು ಅಂಟದಿರಲೆಂದು ಪಿಷ್ಟದಂಥ ಪುಡಿ ಸವರಿರುತ್ತಾರಾದ್ದರಿಂದ ಗಡ್ಡೆಯನ್ನೇ ತಂದು ತುರಿದುಕೊಳ್ಳಬೇಕು. ಅರ್ಧ ಚಮಚ ಸಾಸಿವೆ ಪೇಸ್ಟ್, ಚಿಟಿಕೆ ಜಾಯಿಕಾಯಿ ಪುಡಿ ಸೇರಿಸಿ, ಪಾಸ್ತಾ ಬೆರೆಸಿ, ಮೇಲೆ ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ ಹರಡಿ 200 ಡಿಗ್ರಿಯ ಓವನ್‌ನಲ್ಲಿ ಇಪ್ಪತ್ತು ನಿಮಿಷ ಬೇಕ್ ಮಾಡಿದರೆ ಊಟ ಸಿದ್ಧ. ಹಬ್ಬದಲ್ಲಿ ಉಳಿದ ಹುರಿದ ತರಕಾರಿ, ಕೋಳಿಮಾಂಸದ ಎಳೆಗಳನ್ನು ಬೇಕ್ ಮಾಡುವ ಮೊದಲು ಇದರಲ್ಲಿ ಬೆರೆಸಬಹುದು. ಪಕ್ಕದಲ್ಲಿ ನಿಂಬೆರಸ ಹಿಂಡಿದ ಹಸಿ ಸೊಪ್ಪಿನ ಸಲಾಡ್ ಬಿಟ್ಟು ಬೇರೇನೂ ಬೇಡ.

ಗ್ಲಾಸಿನ ಸರದಿ

ಇಂಥ ಊಟದ ಜೊತೆಗೆ ಕೆನೆ, ಚಾಕೊಲೇಟ್ ತುಂಬಿದ ಕಾಕ್‌ಟೇಲ್‌ಗಳು ಸಲ್ಲವು ಎಂಬುದು ನನ್ನ ಖಚಿತ ಅಭಿಪ್ರಾಯ. ತಟ್ಟೆಯಲ್ಲಿ ಬೆಣ್ಣೆ, ಚೀಸ್ ಇರುವಾಗ ಗ್ಲಾಸಿನಲ್ಲಿ ಹುಳಿಯೂ ಮಸಾಲೆಯೂ ಇರಬೇಕು.

ಎಲ್ಲಕ್ಕಿಂತ ಸುಲಭವಾದದ್ದು ಹಾಟ್ ಟಾಡಿ. ದಪ್ಪ ಗ್ಲಾಸಿಗೆ ಬಿಸಿನೀರು ಸುರಿದು ಒಂದು ನಿಮಿಷ ಬಿಟ್ಟು ಚೆಲ್ಲಬೇಕು; ಗ್ಲಾಸ್ ಬೆಚ್ಚಗಾಗದಿದ್ದರೆ ಪಾನೀಯ ಕುಡಿಯುವ ಮೊದಲೇ ಆರಿಹೋಗುತ್ತದೆ. ಅದರಲ್ಲಿ ಒಂದು ದೊಡ್ಡ ಚಮಚ ಜೇನುತುಪ್ಪ, 15 ಮಿಲಿಲೀಟರ್ ನಿಂಬೆರಸ, 45 ಮಿಲಿಲೀಟರ್ ವಿಸ್ಕಿ ಹಾಕಿ, 150 ಮಿಲಿಲೀಟರ್ ಬಿಸಿನೀರು ಸುರಿದು ಕಲಕಿ, ಎರಡು ಲವಂಗ ಮತ್ತು ಒಂದು ತುಂಡು ಚಕ್ಕೆ ಸೇರಿಸಿ ಮೂರು ನಿಮಿಷ ಬಿಡಬೇಕು.

ನಾಲ್ಕೈದು ಜನರಿದ್ದರೆ ಮಸಾಲೆ ಹಾಕಿ ಬಿಸಿ ಮಾಡಿದ ಕೆಂಪು ವೈನ್, ಅಂದರೆ ಮಲ್ಡ್ ವೈನ್ ಹೆಚ್ಚು ಸೂಕ್ತ. ಸಾಮಾನ್ಯವಾಗಿ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು ಕುದಿಸಲಾಗುತ್ತದೆ. ಅದರಿಂದ ವೈನ್ ಬೆಂದ ವಾಸನೆ ಪಡೆಯುತ್ತದೆ, ಮಸಾಲೆ ಮಾತ್ರ ಸರಿಯಾಗಿ ಬಿಡುವುದಿಲ್ಲ. ಬದಲಿಗೆ 60 ಗ್ರಾಂ ಸಕ್ಕರೆ, ಒಂದು ಕಿತ್ತಳೆಯ ರಸ, ಎರಡು ತುಂಡು ಚಕ್ಕೆ, ಐದು ಲವಂಗ, ಒಂದು ಚಕ್ರಮೊಗ್ಗು ಮತ್ತು ಅರ್ಧ ಲೋಟ ನೀರನ್ನು ಹತ್ತು ನಿಮಿಷ ಕುದಿಸಿ ತೆಳು ಪಾಕ ಮಾಡಿಕೊಂಡು, ಉರಿ ತಗ್ಗಿಸಿದ ಮೇಲೆ 750 ಮಿಲಿಲೀಟರ್‌ನ ಒಂದು ಬಾಟಲಿ ವೈನ್ ಸೇರಿಸಬೇಕು. ಕಿತ್ತಳೆಯ ಸಿಪ್ಪೆಯ ಮೇಲ್ಪದರವನ್ನು ಮಾತ್ರ ಹೆರೆದು ಹಾಕಬೇಕು, ಒಳಗಿನ ಬಿಳಿ ಪದರ ಕಹಿ. ಶುದ್ಧ ಆಲ್ಕೋಹಾಲ್ 78 ಡಿಗ್ರಿಯ ಸುಮಾರಿಗೆ ಕುದಿಯುವುದರಿಂದ ವೈನ್ 70 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸರಿ. ಮೇಲ್ಮೈಯಿಂದ ಹಬೆ ಏಳಬೇಕು, ಗುಳ್ಳೆ ಏಳಬಾರದು. ಈ ಹದದಲ್ಲಿ ಇಪ್ಪತ್ತು ನಿಮಿಷ ಇಟ್ಟು ಸೋಸಿ ಬಡಿಸಬೇಕು. ದುಬಾರಿ ವೈನ್ ಇದಕ್ಕೆ ಬೇಡ, ಆದರೆ ಹಾಗೆಯೇ ಕುಡಿಯಲಾಗದಷ್ಟು ಕಳಪೆಯದೂ ಆಗದು.

ತಣ್ಣಗಿನದು ಬೇಕೆನ್ನುವವರಿಗೆ ವಿಸ್ಕಿ ಸೋರ್ ಇದೆ. 60 ಮಿಲಿಲೀಟರ್ ವಿಸ್ಕಿ, 25 ಮಿಲಿಲೀಟರ್ ನಿಂಬೆರಸ, ಸಮಪ್ರಮಾಣದ ಸಕ್ಕರೆ ಮತ್ತು ನೀರಿನಿಂದ ಮಾಡಿದ ಪಾಕ 20 ಮಿಲಿಲೀಟರ್, ಇವನ್ನು ಐಸ್ ತುಂಬಿದ ಶೇಕರ್‌ನಲ್ಲಿ ಹದಿನೈದು ಸೆಕೆಂಡು ಜೋರಾಗಿ ಕುಲುಕಿ ಹೊಸ ಐಸ್‌ನ ಮೇಲೆ ಸೋಸಬೇಕು. ಕುಲುಕುವಾಗ ಕರಗಿ ಬೆರೆಯುವ ನೀರೂ ಈ ಪಾನೀಯದ ಒಂದು ಅಂಗವೇ.

ಮದ್ಯ ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಮೈ ಬೆಚ್ಚಗಾದಂತೆ ಅನ್ನಿಸುತ್ತದೆಯೇ ಹೊರತು ವಾಸ್ತವದಲ್ಲಿ ದೇಹ ತನ್ನ ಶಾಖವನ್ನು ಹೊರಗೆ ಬಿಡುತ್ತಿರುತ್ತದೆ. ಆದ್ದರಿಂದ ಚಳಿಯಲ್ಲಿ ಹೊರಗೆ ಹೊರಡುವ ಮುನ್ನ ಇವನ್ನು ಕುಡಿಯುವುದು ಸರಿಯಲ್ಲ. ವಾಹನ ಓಡಿಸುವವರು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು ಮತ್ತು ಚಿಕ್ಕವರಿಗೆ ಮದ್ಯರಹಿತವಾದದ್ದನ್ನೇ ಅಷ್ಟೇ ಅಕ್ಕರೆಯಿಂದ ಮಾಡಿಕೊಡಬೇಕು. ಮೇಲಿನ ಮಸಾಲೆ ಪಾಕಕ್ಕೆ ವೈನ್‌ನ ಬದಲು ಅರ್ಧ ದಾಳಿಂಬೆ ರಸ, ಅರ್ಧ ಗಟ್ಟಿ ಕಪ್ಪು ಚಹಾದ ಡಿಕಾಕ್ಷನ್ ಬೆರೆಸಿದರೆ ವೈನ್‌ನಲ್ಲಿರುವ ಒಗರು ಇದರಲ್ಲೂ ಸಿಗುತ್ತದೆ. ಹಣ್ಣಿನ ರಸ ಮೊದಲೇ ಸಿಹಿಯಾಗಿರುವುದರಿಂದ ಸಕ್ಕರೆಯನ್ನು ಅರ್ಧಕ್ಕಿಳಿಸಬೇಕು.

ಶನಿವಾರ ಬೆಳಿಗ್ಗೆ ಸ್ಟಾಕ್ ಇಟ್ಟು, ಸಂಜೆ ಐದಕ್ಕೆ ಈರುಳ್ಳಿ ಹೆಚ್ಚಲು ಕುಳಿತರೆ ಏಳೂವರೆಯ ಹೊತ್ತಿಗೆ ಸೂಪ್ ಬಡಿಸಬಹುದು, ಸೂಪ್ ಕುದಿಯುವ ಕೊನೆಯ ಅರ್ಧ ಗಂಟೆಯಲ್ಲಿ ವೈನ್ ಬಿಸಿಯಾಗುತ್ತದೆ. ಉಳಿದ ಸೂಪನ್ನು ಬ್ರೆಡ್, ಚೀಸ್ ಹಾಕದೆ ಅಗಲವಾದ ಪಾತ್ರೆಯಲ್ಲಿ ಬೇಗ ತಣಿಸಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಇರುತ್ತದೆ. ಹೆಚ್ಚಾದ ಸ್ಟಾಕನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಚೀಲದಲ್ಲಿ ಕಟ್ಟಿಟ್ಟುಕೊಂಡರೆ ಮುಂದಿನ ವಾರದ ಅಡುಗೆಗೆ ಬೇಕೆನಿಸಿದಾಗ ಎರಡೋ ಮೂರೋ ತುಂಡು ತೆಗೆದು ಹಾಕಬಹುದು.