ವಂಶವಾಹಿ ಪರೀಕ್ಷೆಯ ಕ್ಲೇಮ್ ತಿರಸ್ಕಾರವಾದರೆ

ಹಾಸನದ ಕೋರ್ಟಿನ ಎದುರು ಇಪ್ಪತ್ತಾರು ವರ್ಷದಿಂದ ಅರ್ಜಿ ಬೆರಳಚ್ಚು ಮಾಡುವವಳು ನಾನು. ಆದರೂ ಅಕ್ಕನ ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕಾರದ ಪತ್ರ ಬಂದ ರಾತ್ರಿ ಮೂರು ಪುಟ ಗೋಳು ಹೊಡೆದು, ಬೆಳಿಗ್ಗೆ ಹರಿದು ಹಾಕಿದೆ.

ಅಕ್ಕನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಗೆ ಮೊದಲು, ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ ಇದೆಯೇ ಎಂದು ನೋಡುವ ಬಿಆರ್‌ಸಿಎ ಪರೀಕ್ಷೆ ಮಾಡಿಸಿದ್ದೆವು, 24,000 ರೂಪಾಯಿ. ಆಸ್ಪತ್ರೆಯ ಹಣ ಬಂತು, ಪರೀಕ್ಷೆಯದು ಬರಲಿಲ್ಲ.

ಮೊದಲು ಪತ್ರದಲ್ಲಿ ಕಾರಣ ಬರೆದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ನಮ್ಮದರಲ್ಲಿ ‘ಎಕ್ಸ್‌ಕ್ಲ್ 04’ ಎಂದಿತ್ತು, ಅಂದರೆ ವಿಮೆ ಹಣ ಕೊಡದ ಖರ್ಚುಗಳ ಪಟ್ಟಿಯ ಒಂದು ಸಂಕೇತ. ಪಾಲಿಸಿ ಪುಸ್ತಕದಲ್ಲಿ ಅದನ್ನು ಹುಡುಕಿ ಪೂರ್ತಿ ಓದಿ: ಬರೀ ತಪಾಸಣೆಗೆಂದು ದಾಖಲಾದರೆ ಹಣವಿಲ್ಲ, ಈಗಿನ ರೋಗನಿರ್ಣಯಕ್ಕೂ ಚಿಕಿತ್ಸೆಗೂ ಸಂಬಂಧಿಸದ ಪರೀಕ್ಷೆಗೂ ಇಲ್ಲ. ಹಾಗಾದರೆ ಸಂಬಂಧವಿದೆ ಎಂದು ತೋರಿಸಿದರೆ ಸಾಕು.

ಅದನ್ನು ತೋರಿಸಬೇಕಾದವರು ವೈದ್ಯರು. ‘ಪರೀಕ್ಷೆ ಅಗತ್ಯವಿತ್ತು’ ಎಂಬ ಚೀಟಿ ಉಪಯೋಗಕ್ಕೆ ಬರುವುದಿಲ್ಲ. ನಮಗೆ ಮೊದಲು ಸಿಕ್ಕಿದ್ದು ಅದೇ. ಎರಡನೇ ಸಲ ಹೋಗಿ, ಊಟದ ಹೊತ್ತಿನವರೆಗೆ ಬೆಂಚಿನ ಮೇಲೆ ಕಾದು, ಹೀಗೆ ಬರೆಸಿಕೊಂಡೆ: ‘ಗಡ್ಡೆಯನ್ನು ಮಾತ್ರ ತೆಗೆಯುವುದೋ, ಎರಡೂ ಸ್ತನಗಳನ್ನು ತೆಗೆಯುವುದೋ ಎಂಬುದನ್ನು ಈ ಫಲಿತಾಂಶ ನೋಡಿ ನಿರ್ಧರಿಸಲಾಯಿತು.’ ಸಹಿ, ಮೊಹರು, ನೋಂದಣಿ ಸಂಖ್ಯೆ ಇರಲಿ. ಪರೀಕ್ಷೆ ಬರೆದ ಚೀಟಿಯ ದಿನಾಂಕ ಶಸ್ತ್ರಚಿಕಿತ್ಸೆಗಿಂತ ಹಿಂದಿನದಾಗಿರಬೇಕು. ಆಸ್ಪತ್ರೆಗೆ ದಾಖಲಾಗುವ ಮೊದಲಿನ ಎಷ್ಟು ದಿನಗಳ ಖರ್ಚು ಕೊಡುತ್ತೇವೆಂದು ಪಾಲಿಸಿ ಹೇಳುತ್ತದೋ, ಬಿಲ್ಲು ಅಷ್ಟರೊಳಗೆ ಬರಬೇಕು. ನಮಗೆ ಮೂವತ್ತು ದಿನ ಇತ್ತು, ನಮ್ಮ ಬಿಲ್ಲು ದಾಖಲಾಗುವುದಕ್ಕೆ ಹತ್ತೊಂಬತ್ತು ದಿನ ಮೊದಲಿನದು.

ಆಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಕಾಯಿಲೆಯಿಲ್ಲದವಳಿಗೆ ಈ ವಾದ ನಿಲ್ಲುವುದಿಲ್ಲ, ಆ ದುಡ್ಡು ನಾನೇ ಕೊಟ್ಟೆ.

ಪತ್ರದಲ್ಲಿ ‘ವಂಶವಾಹಿ ಕಾಯಿಲೆ’ ಎಂದೇ ತಳ್ಳಿದ್ದರೆ ಉತ್ತರ ಬೇರೆ. ಅಂಥ ಕಾಯಿಲೆಯನ್ನು ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಲ್ಲೇ ಹೇಳಿತ್ತು; ಈಗ ಜಾರಿಯಲ್ಲಿರುವ ನಿಯಮ ನೋಡಿಕೊಂಡು ಹೆಸರಿಸಿ.

ಅರ್ಜಿ ಒಂದೇ ಪುಟ ಸಾಕು: ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ಅವರ ಕಾರಣ, ವೈದ್ಯರ ಸಾಲು, ಬೇಕಾದ ಮೊತ್ತ. ಬಡತನ, ದೇವರು ಯಾವುದೂ ಬೇಡ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲೂ ದೂರು ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಮತ್ತೆ ತಿರಸ್ಕರಿಸಿದರೆ, ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಲೋಕಪಾಲರಿದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿ. ಈ ಎರಡನೇ ತಿರಸ್ಕಾರ ಕೈಸೇರಿದ ದಿನದಿಂದ, ಉತ್ತರವೇ ಇಲ್ಲದಿದ್ದರೆ ಆ ತಿಂಗಳು ಮುಗಿದ ದಿನದಿಂದ, ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರನ್ನು ಕರೆದೊಯ್ಯುವಂತಿಲ್ಲ. ಇದನ್ನು ಹೇಳಿದಾಗ ನನ್ನ ಪಕ್ಕದ ಮೇಜಿನ ವಕೀಲರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.