ಒಂದು ಹೋರಿಗಾಗಿ ಯುದ್ಧ ನಡೆದ ಬೆಟ್ಟಗಳಲ್ಲಿ

ಐರ್ಲೆಂಡಿನ ದೊಡ್ಡ ವೀರಗಾಥೆ ಶುರುವಾಗುವುದು ಗಂಡ ಹೆಂಡತಿಯ ಮಾತಿನಿಂದ. ಕಾನಾಕ್ಟ್ ಸೀಮೆಯ ರಾಣಿ ಮೇವ್ ಮತ್ತು ಅವಳ ಗಂಡ ಆಲಿಲ್ ರಾತ್ರಿ ಮಲಗಿ ಹರಟುತ್ತಿರುತ್ತಾರೆ. ಇಬ್ಬರಲ್ಲಿ ಯಾರ ಆಸ್ತಿ ಜಾಸ್ತಿ ಎಂಬ ಮಾತು ಬರುತ್ತದೆ. ಪಾತ್ರೆ ಪಡಗ, ಒಡವೆ, ಕುರಿ, ಕುದುರೆ, ದನ ಎಲ್ಲವನ್ನೂ ತರಿಸಿ ಎಣಿಸುತ್ತಾರೆ. ಎಲ್ಲ ಸರಿಸಮ. ಗಂಡನ ಹತ್ತಿರ ಮಾತ್ರ ಬಿಳಿ ಕೊಂಬಿನ ಹೋರಿಯೊಂದು ಹೆಚ್ಚಿಗೆ ಇರುತ್ತದೆ. ಅದು ಹುಟ್ಟಿದ್ದು ಮೇವ್‌ಳ ಮಂದೆಯಲ್ಲೇ. ಹೆಂಗಸಿನ ಕೈಕೆಳಗೆ ಇರಲಾರೆ ಅಂತ ಗಂಡನ ಮಂದೆಗೆ ಹೋಗಿ ಸೇರಿಕೊಂಡಿತಂತೆ. ಅದಕ್ಕೆ ಸಾಟಿಯಾದ ಹೋರಿ ಇಡೀ ದ್ವೀಪದಲ್ಲಿ ಇನ್ನೊಂದೇ ಇತ್ತು. ಅದು ಅಲ್‌ಸ್ಟರ್ ಸೀಮೆಯ ಕೂಲಿ ಎಂಬ ಬೆಟ್ಟದ ನಾಡಿನ ಕಂದು ಹೋರಿ.

ಮೇವ್ ಮೊದಲು ಮರ್ಯಾದೆಯಿಂದಲೇ ಕೇಳುತ್ತಾಳೆ. ಒಂದು ವರ್ಷದ ಮಟ್ಟಿಗೆ ಹೋರಿ ಕೊಡಿ, ಬದಲಿಗೆ 50 ಕಡಸು ಕೊಡುತ್ತೇನೆ ಅಂತ ಹೇಳಿ ಕಳಿಸುತ್ತಾಳೆ. ಹೋರಿಯ ಯಜಮಾನ ಖುಷಿಯಿಂದ ಒಪ್ಪುತ್ತಾನೆ. ಆದರೆ ಅವಳ ದೂತರು ರಾತ್ರಿ ಕುಡಿದ ಅಮಲಿನಲ್ಲಿ, ಇವನು ಕೊಡದಿದ್ದರೆ ಕಿತ್ತುಕೊಂಡೇ ಹೋಗುತ್ತಿದ್ದೆವು ಅಂದುಬಿಡುತ್ತಾರೆ. ಮಾತು ಯಜಮಾನನ ಕಿವಿಗೆ ಬೀಳುತ್ತದೆ. ಅಲ್ಲಿಂದ ಯುದ್ಧ.

ಈ ಕಥೆಯ ಹೆಸರು ಟಾಯಿನ್. 12ನೇ ಶತಮಾನದ ಹಸ್ತಪ್ರತಿಗಳಲ್ಲಿ ಸಿಗುತ್ತದೆ, ಕಥೆ ಅದಕ್ಕಿಂತ ಬಹಳ ಹಳೆಯದು. ನಾನು ಡಬ್ಲಿನ್‌ಗೆ ಕೆಲಸಕ್ಕೆ ಬಂದ ಮೇಲೆ ಇದನ್ನು ಓದಿದೆ. ಓದುತ್ತಾ ಹೋದಂತೆ ಇದು ಪರದೇಶದ ಕಥೆ ಅನ್ನಿಸಲೇ ಇಲ್ಲ. ನಮ್ಮ ಸಾಗರ, ಸೊರಬದ ಕಡೆ ಊರ ಕೆರೆ ಏರಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ ವೀರಗಲ್ಲುಗಳು ನಿಂತಿರುತ್ತವೆ ಅಲ್ವಾ? ಅವುಗಳಲ್ಲಿ ಎಷ್ಟೋ ಕಲ್ಲು ತುರುಗಾಳಗದವು. ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಹಿಡಿದು ನಿಂತ ವೀರ. ವಿರಾಟಪರ್ವದ ಗೋಗ್ರಹಣವನ್ನಂತೂ ಯಕ್ಷಗಾನದಲ್ಲಿ ರಾತ್ರಿಯಿಡೀ ಕೂತು ನೋಡಿದವರು ನಾವು. ದನಕ್ಕಾಗಿ ಪ್ರಾಣ ಕೊಡುವುದು ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಆ ಕಥೆಯ ಜಾಗಗಳನ್ನು ಒಂದೊಂದಾಗಿ ಕಾಲ್ನಡಿಗೆಯಲ್ಲಿ ನೋಡಬೇಕು ಅಂತ ಹೊರಟೆ. ಎಲ್ಲವೂ ಡಬ್ಲಿನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಒಂದೂವರೆ ಗಂಟೆಯ ದಾರಿಯಲ್ಲಿ ಇವೆ.

ಹೊರಡುವ ಮೊದಲು ಕಾಗದಪತ್ರದ ವಿಷಯ. ಇದರಲ್ಲಿ ಅರ್ಧ ಜಾಗ ಐರ್ಲೆಂಡ್ ಗಣರಾಜ್ಯದಲ್ಲಿದೆ, ಅರ್ಧ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿದೆ. ಗಡಿಯಲ್ಲಿ ಗೇಟು, ಚೆಕ್‌ಪೋಸ್ಟು ಏನೂ ಇಲ್ಲ. ಕಿಲೋಮೀಟರ್ ಬೋರ್ಡು ಹೋಗಿ ಮೈಲಿ ಬೋರ್ಡು ಬರುತ್ತದೆ, ಅಷ್ಟೇ. ಆದರೆ ಕಾನೂನು ಇದ್ದೇ ಇದೆ. ಡಬ್ಲಿನ್‌ನಲ್ಲಿ ವಾಸದ ಪರವಾನಗಿ ಇದ್ದರೂ ಭಾರತದ ಪಾಸ್‌ಪೋರ್ಟಿನವರಿಗೆ ಆ ಕಡೆ ಹೋಗಲು ಬ್ರಿಟನ್ ವೀಸಾ ಬೇಕು. ಊರಿನಿಂದ ಪ್ರವಾಸಕ್ಕೆ ಬರುವವರಿಗೆ ಬಿಐವಿಎಸ್ ಎಂಬ ಏರ್ಪಾಡಿದೆ. ವೀಸಾದ ಮೇಲೆ ಆ ಅಕ್ಷರಗಳಿದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ಓಡಾಡಬಹುದು. ಆದರೆ ಯಾವ ದೇಶ ವೀಸಾ ಕೊಟ್ಟಿತೋ ಮೊದಲು ಆ ದೇಶದಲ್ಲೇ ಇಳಿಯಬೇಕು. ಬಾಡಿಗೆ ಕಾರಾದರೆ ಗಡಿ ದಾಟಲು ಅನುಮತಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಮ್ಮ ಹಾಗೆ ಅಲ್ಲೂ ಎಡಗಡೆಯಲ್ಲೇ ಓಡಿಸುವುದು, ಅದೊಂದು ನೆಮ್ಮದಿ.

ನಾನು ಶುರುಮಾಡಿದ್ದು ಸ್ಲೀವ್ ಗಲಿಯನ್ ಬೆಟ್ಟದಿಂದ. ಉತ್ತರ ಐರ್ಲೆಂಡಿನ ಆರ್ಮಾ ಕೌಂಟಿಯಲ್ಲಿ, ನ್ಯೂರಿ ಊರಿನ ಪಕ್ಕದಲ್ಲಿದೆ. ಎತ್ತರ 573 ಮೀಟರ್. ಕುದುರೆಮುಖ ಹತ್ತಿದವರಿಗೆ ಇದು ಸಣ್ಣ ಗುಡ್ಡ. ಆದರೆ ಇದು ನಿಂತಿರುವ ರೀತಿ ನೋಡಬೇಕು. ನಡುವೆ ಈ ಬೆಟ್ಟ, ಸುತ್ತ ಊಟದ ತಟ್ಟೆಯ ಅಂಚಿನ ಹಾಗೆ ಸಣ್ಣ ಗುಡ್ಡಗಳ ಬಳೆ. ಸುಮಾರು 6 ಕೋಟಿ ವರ್ಷದ ಹಿಂದೆ ಇಲ್ಲಿ ಜ್ವಾಲಾಮುಖಿ ಇತ್ತು. ಅದರ ನೆತ್ತಿ ಕುಸಿದಾಗ ನೆಲ ವೃತ್ತಾಕಾರದಲ್ಲಿ ಬಿರುಕುಬಿಟ್ಟಿತು. ಆ ಬಿರುಕಿನೊಳಗೆ ಕರಗಿದ ಕಲ್ಲು ಮೇಲೇರಿ ಗಟ್ಟಿಯಾಯಿತು. ಸುತ್ತಲಿನ ಮೆತ್ತನೆಯ ಕಲ್ಲು ಸವೆದು, ಗಟ್ಟಿ ಕಲ್ಲು ಗುಡ್ಡಗಳಾಗಿ ಉಳಿದುಕೊಂಡಿತು. ಜಗತ್ತಿನಲ್ಲಿ ಇಂಥ ರಚನೆಯನ್ನು ಭೂವಿಜ್ಞಾನಿಗಳು ಮೊದಲು ನಕ್ಷೆ ಮಾಡಿದ್ದು ಇಲ್ಲೇ. 2023ರಲ್ಲಿ ಈ ಪ್ರದೇಶಕ್ಕೆ ಯುನೆಸ್ಕೋ ಜಿಯೋಪಾರ್ಕ್ ಮನ್ನಣೆ ಸಿಕ್ಕಿತು.

ಕೆಳಗೆ ಅರಣ್ಯ ಉದ್ಯಾನವಿದೆ. ಅಲ್ಲಿಂದ ಒಂದು ರಸ್ತೆ ಬೆಟ್ಟದ ಸೊಂಟದವರೆಗೂ ಹೋಗುತ್ತದೆ. ಮೇಲಿನ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟರೆ ತುದಿಗೆ ಕಡಿದಾದ ಕಾಲುದಾರಿ. ಮಂಡಿ ನೋವಿನವರು ನಿಧಾನಕ್ಕೆ ಹತ್ತಬಹುದು, ಇಳಿಯುವಾಗ ಕೋಲು ಬೇಕೇ ಬೇಕು. ದಾರಿಯ ಎರಡೂ ಕಡೆ ಹೆದರ್ ಗಿಡ, ಆಗಸ್ಟ್ ಹೊತ್ತಿಗೆ ಇಡೀ ಇಳಿಜಾರು ನೇರಳೆ ಬಣ್ಣ. ನಡುನಡುವೆ ಬಿಲ್ಬೆರಿ ಗಿಡಗಳು. ಹಣ್ಣು ಕಿತ್ತು ತಿಂದರೆ ಬೆರಳು, ನಾಲಿಗೆ ಎರಡೂ ನೀಲಿ.

ತುದಿಯಲ್ಲಿ ಎರಡು ಕಲ್ಲುಗುಪ್ಪೆಗಳಿವೆ. ದಕ್ಷಿಣದ ಗುಪ್ಪೆ 5,000 ವರ್ಷಕ್ಕೂ ಹಳೆಯ, ಒಳಗೆ ಓಣಿಯಿರುವ ಕಲ್ಲಿನ ಸಮಾಧಿ. ಐರ್ಲೆಂಡಿನಲ್ಲಿ ಉಳಿದಿರುವ ಈ ಬಗೆಯ ಸಮಾಧಿಗಳಲ್ಲಿ ಇದರಷ್ಟು ಎತ್ತರದಲ್ಲಿ ಇರುವುದು ಬೇರೆ ಇಲ್ಲ. ಬಾಯಿ ಚಿಕ್ಕದು, ಬಗ್ಗಿ ನುಸುಳಬೇಕು. ಹೊರಗೆ ಟೋಪಿ ಹಾರಿಸುವ ಗಾಳಿ, ಒಳಗೆ ಕಾಲಿಟ್ಟ ತಕ್ಷಣ ಆ ಸದ್ದೆಲ್ಲ ನಿಂತುಹೋಗುತ್ತದೆ. ನೆಲ ಒದ್ದೆ. ಟಾರ್ಚ್ ಹಿಡಿದು ಮೇಲೆ ನೋಡಿದರೆ ಒಂದರ ಮೇಲೊಂದು ಚಪ್ಪಡಿ, ಪ್ರತಿ ಸಾಲೂ ಒಂದಿಷ್ಟು ಒಳಗೆ ಸರಿದು ಚಾವಣಿಯಾಗಿದೆ. ಗಾರೆಯಿಲ್ಲ, ಮಣ್ಣಿಲ್ಲ. ಕಲ್ಲಿನ ಭಾರಕ್ಕೇ ಕಲ್ಲು ನಿಂತಿದೆ. ವರ್ಷದಲ್ಲಿ ಹಗಲು ತೀರಾ ಚಿಕ್ಕದಾಗುವ ದಿನ, ಡಿಸೆಂಬರ್ ಕೊನೆಯಲ್ಲಿ, ಮುಳುಗುವ ಸೂರ್ಯನ ಬೆಳಕು ನೇರ ಈ ಬಾಯಿಯೊಳಗೆ ಬೀಳುವ ಹಾಗೆ ಕಟ್ಟಿದ್ದಾರೆ.

ಊರವರಿಗೆ ಇದು ಕಾಲ್ಯಖ್ ಬೇರಾ ಎಂಬ ಮಾಯಾವಿ ಮುದುಕಿಯ ಮನೆ. ಎರಡು ಗುಪ್ಪೆಗಳ ನಡುವೆ ಸಣ್ಣ ಕೆರೆಯಿದೆ, ಅದೂ ಅವಳದೇ. ಫಿನ್ ಮ್ಯಾಕೂಲ್ ಎಂಬ ವೀರ ಜಿಂಕೆಯ ಬೆನ್ನು ಹತ್ತಿ ಇಲ್ಲಿಗೆ ಬರುತ್ತಾನೆ. ದಡದಲ್ಲಿ ಚೆಂದದ ಹೆಣ್ಣೊಬ್ಬಳು ಅಳುತ್ತಾ ಕೂತಿರುತ್ತಾಳೆ. ಉಂಗುರ ನೀರಿಗೆ ಬಿದ್ದಿದೆ, ತೆಗೆದುಕೊಡು ಅನ್ನುತ್ತಾಳೆ. ಇವನು ಧುಮುಕಿ ಹುಡುಕಿ ತೆಗೆಯುತ್ತಾನೆ. ಉಂಗುರ ಅವಳ ಕೈಗಿಟ್ಟು ದಡಕ್ಕೆ ಬಂದಾಗ ಬೆನ್ನು ಬಾಗಿದೆ, ಚರ್ಮ ಸುಕ್ಕಾಗಿದೆ, ಕೂದಲೆಲ್ಲ ಬೆಳ್ಳಗಾಗಿದೆ. ಹುಡುಕಿಕೊಂಡು ಬಂದ ಅವನ ಕಡೆಯವರಿಗೆ ಅವನ ಗುರುತೇ ಸಿಗುವುದಿಲ್ಲ. ಕೊನೆಗೆ ಅವರು ಆ ಗುಪ್ಪೆಯನ್ನೇ ಅಗೆಯಲು ಶುರುಮಾಡುತ್ತಾರೆ. ಆಗ ಅವಳು ಹೊರಗೆ ಬಂದು ಅವನಿಗೆ ಕುಡಿಯಲು ಕೊಡುತ್ತಾಳೆ. ಯೌವನ ಮರಳುತ್ತದೆ, ಕೂದಲು ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಆ ನೀರಿಗೆ ಕೈ ಹಾಕಬಾರದು ಅಂತ ಇವತ್ತಿಗೂ ಹೇಳುತ್ತಾರೆ. ನಾನು ಹಾಕಲಿಲ್ಲ. ಒಂದು ಊರಿನವರು ಇಷ್ಟು ಕಾಲ ಕಾಪಾಡಿಕೊಂಡು ಬಂದ ಮಾತನ್ನು ಹೊರಗಿನಿಂದ ಬಂದ ನಾನು ಯಾಕೆ ಮೀರಬೇಕು?

ಕೆರೆಯಿಂದ ಉತ್ತರದ ಗುಪ್ಪೆಗೆ ಹೋಗುವ ದಾರಿ ಜೌಗು. ಗಟ್ಟಿ ನೆಲ ಅಂತ ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ನೀರು ಇಳಿಯದ ಬೂಟು, ಮಳೆ ಕೋಟು ಬೇಸಿಗೆಯಲ್ಲೂ ಬೇಕು. ಮಂಜು ಕವಿದರೆ ಸುಮ್ನೆ ಸಮಾಧಿಯ ಪಕ್ಕ ಕೂತು ಕಾಯುವುದೇ ಸರಿ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿರಿ, ಮೇಲೆ ಏನೂ ಸಿಗುವುದಿಲ್ಲ. ತಿಳಿಯಾದ ದಿನ ಪೂರ್ವಕ್ಕೆ ಮೋರ್ನ್ ಬೆಟ್ಟಸಾಲು, ಆಗ್ನೇಯಕ್ಕೆ ಸಮುದ್ರದ ತೋಳು, ಅದರ ದಕ್ಷಿಣ ದಡಕ್ಕೆ ಕಂದು ಹೋರಿಯ ಕೂಲಿ ಬೆಟ್ಟಗಳು ಕಾಣುತ್ತವೆ. ಯುದ್ಧ ನಡೆದ ನೆಲ ಒಂದೇ ನೋಟಕ್ಕೆ ಸಿಗುತ್ತದೆ. ಅದಕ್ಕೇ ಇಲ್ಲಿಂದ ಶುರುಮಾಡಬೇಕು ಅನ್ನುವುದು.

ಟಾಯಿನ್ ಕಥೆಯ ನಾಯಕ ಕೂಹುಲಿನ್. ಅವನಿಗೆ ಆ ಹೆಸರು ಬಂದದ್ದಕ್ಕೂ ಈ ಬೆಟ್ಟಕ್ಕೂ ನಂಟಿದೆ. ಕಲಿನ್ ಎಂಬ ಕಮ್ಮಾರನ ಕುಲುಮೆ ಇಲ್ಲೇ ಇತ್ತು ಅನ್ನುತ್ತಾರೆ. ಅವನ ಮನೆಯ ಔತಣಕ್ಕೆ ರಾಜ ಬಂದಿರುತ್ತಾನೆ. ಆಟ ಮುಗಿಸಿ ಹಿಂದಿನಿಂದ ಬರುತ್ತೇನೆ ಅಂದಿದ್ದ ಹುಡುಗನನ್ನು ಎಲ್ಲರೂ ಮರೆತು, ಕಾವಲು ನಾಯಿಯನ್ನು ಬಿಟ್ಟುಬಿಡುತ್ತಾರೆ. ಮೇಲೆ ಹಾರಿದ ನಾಯಿಯನ್ನು ಹುಡುಗ ಕೊಲ್ಲುತ್ತಾನೆ. ಕಮ್ಮಾರ ದುಃಖಪಟ್ಟಾಗ, ಇನ್ನೊಂದು ಮರಿ ಬೆಳೆದು ದೊಡ್ಡದಾಗುವವರೆಗೆ ನಿನ್ನ ಮನೆಗೆ ನಾನೇ ಕಾವಲು ಅನ್ನುತ್ತಾನೆ. ಅಂದಿನಿಂದ ಅವನು ಕೂಹುಲಿನ್, ಅಂದರೆ ಕಲಿನ್‌ನ ನಾಯಿ. ತಾನು ಮಾಡಿದ ನಷ್ಟವನ್ನು ತನ್ನ ಮೈಯಿಂದಲೇ ತುಂಬಿಕೊಡುವ ಈ ಹುಡುಗ ನನಗೆ ಬಹಳ ಇಷ್ಟ.

ಬೆಟ್ಟದಿಂದ ಇಳಿದು ಮೋಯ್ರಿ ಕಣಿವೆಗೆ ಹೋದೆ. ದಕ್ಷಿಣದಿಂದ ಅಲ್‌ಸ್ಟರ್‌ಗೆ ನುಗ್ಗಲು ಇರುವ ಬಾಗಿಲು ಇದು. ಮೇವ್‌ಳ ಸೇನೆ ಬಂದಾಗ ಅಲ್‌ಸ್ಟರಿನ ಗಂಡಸರೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿರುತ್ತಾರೆ. ಮಾಖಾ ಎಂಬ ತುಂಬು ಬಸುರಿಯನ್ನು ಅವರು ಕುದುರೆಗಳ ಜೊತೆ ಓಟಕ್ಕೆ ಬಿಟ್ಟಿದ್ದರು. ಗೆದ್ದ ಜಾಗದಲ್ಲೇ ಅವಳಿ ಹೆತ್ತು, ಕಷ್ಟ ಬಂದಾಗಲೆಲ್ಲ ನಿಮಗೂ ಈ ನೋವು ಬರಲಿ ಎಂದು ಅವಳು ಶಾಪ ಕೊಟ್ಟಿದ್ದಳು. ಶಾಪ ತಟ್ಟದೆ ಉಳಿದವನು 17 ವರ್ಷದ ಕೂಹುಲಿನ್ ಮಾತ್ರ. ಹೊಳೆಯ ಹಾಯುಗಡದಲ್ಲಿ ನಿಂತು, ದಿನಕ್ಕೊಬ್ಬರಂತೆ ಬನ್ನಿ ಎಂದು ಇಡೀ ಸೇನೆಯನ್ನು ತಡೆಯುತ್ತಾನೆ.

ಕಣಿವೆಯಲ್ಲಿ 1601ರಲ್ಲಿ ಇಂಗ್ಲಿಷರು ಕಟ್ಟಿದ ಸಣ್ಣ ಕೋಟೆಯೊಂದಿದೆ. ಡಬ್ಲಿನ್ ಬೆಲ್‌ಫಾಸ್ಟ್ ರೈಲು ಈಗಲೂ ಈ ಕಂಡಿಯಲ್ಲೇ ನುಗ್ಗುತ್ತದೆ. ಮೊನ್ನೆ ಮೊನ್ನೆಯವರೆಗೆ ಈ ಗುಡ್ಡಗಳ ಮೇಲೆ ಬ್ರಿಟಿಷ್ ಸೇನೆಯ ಕಾವಲು ಗೋಪುರಗಳಿದ್ದವು. 1998ರ ಶಾಂತಿ ಒಪ್ಪಂದದ ನಂತರ ಒಂದೊಂದಾಗಿ ಇಳಿಸಿದರು. ಕಥೆಯಲ್ಲಿ ಗಡಿ ಎಲ್ಲಿತ್ತೋ ಇಂದಿನ ಗಡಿಯೂ ಹೆಚ್ಚುಕಡಿಮೆ ಅಲ್ಲೇ ಇದೆ. ಗುಡ್ಡ ಕಣಿವೆ ಇರುವ ರೀತಿಯೇ ಇದಕ್ಕೆ ಕಾರಣ ಅನ್ನುವುದು ಅಲ್ಲಿ ನಿಂತು ನೋಡಿದಾಗಲೇ ತಿಳಿಯುವುದು.

ಕೂಲಿ ಬೆಟ್ಟಗಳಿಗೆ ಕಾರ್ಲಿಂಗ್‌ಫರ್ಡ್ ಊರಿನಿಂದ ಹೋಗುವುದು ಸುಲಭ. ಟಾಯಿನ್ ವೇ ಎಂಬ 40 ಕಿಲೋಮೀಟರ್ ಕಾಲುದಾರಿ ಬೆಟ್ಟಗಳನ್ನು ಸುತ್ತಿ ಬರುತ್ತದೆ. ಇಡೀ ದಾರಿ ನಡೆಯಲು ಎರಡು ದಿನ ಇಟ್ಟುಕೊಳ್ಳಿ. ಗಾಳಿಕಂಡಿ ಎನ್ನಬಹುದಾದ ಒಂದು ತಿರುವಿನಲ್ಲಿ ಉದ್ದ ಹೆಂಗಸಿನ ಸಮಾಧಿ ಎಂಬ ಜಾಗವಿದೆ. ಕಣ್ಣಿಗೆ ಕಾಣುವಷ್ಟು ನೆಲವೆಲ್ಲ ನನ್ನದು ಅಂತ ಹೇಳಿ ಈ ಕಡೆಯವನೊಬ್ಬ ಸ್ಪೇನಿನ ಹುಡುಗಿಯನ್ನು ಮದುವೆಯಾಗಿ ಕರೆತಂದನಂತೆ. ಇಲ್ಲಿ ನಿಂತು ನೋಡಿದರೆ ನಾಲ್ಕೂ ಕಡೆ ಬೆಟ್ಟ ಅಡ್ಡ, ಕಾಣುವುದು ಒಂದಿಷ್ಟು ಕಲ್ಲುನೆಲ. ಅವಳು ಅಲ್ಲೇ ಎದೆಯೊಡೆದು ಬಿದ್ದಳು.

ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆರ್ಡೀ ಎಂಬ ಊರಿನ ಹಾಯುಗಡ. ಮೇವ್ ಕೊನೆಗೆ ಕೂಹುಲಿನ್‌ನ ಎದುರು ಫರ್ಡಿಯಾನನ್ನು ಕಳಿಸುತ್ತಾಳೆ. ಇಬ್ಬರೂ ಸ್ಕಾಹಾ ಎಂಬ ಹೆಣ್ಣು ಗುರುವಿನ ಹತ್ತಿರ ಒಟ್ಟಿಗೆ ವಿದ್ಯೆ ಕಲಿತವರು, ಒಡಹುಟ್ಟಿದವರಿಗಿಂತ ಹೆಚ್ಚು. ಹಗಲೆಲ್ಲ ಹೋರಾಡುತ್ತಾರೆ. ಸಂಜೆ ಆಯುಧ ಕೆಳಗಿಟ್ಟು ತಬ್ಬಿಕೊಳ್ಳುತ್ತಾರೆ. ರಾತ್ರಿ ಕೂಹುಲಿನ್ ತನಗೆ ತಂದ ಗಿಡಮೂಲಿಕೆಯಲ್ಲಿ ಅರ್ಧ ಫರ್ಡಿಯಾನಿಗೆ ಕಳಿಸುತ್ತಾನೆ, ಫರ್ಡಿಯಾ ತನ್ನ ಊಟದಲ್ಲಿ ಅರ್ಧ ಇವನಿಗೆ ಕಳಿಸುತ್ತಾನೆ. ನಾಲ್ಕನೆಯ ದಿನ ಫರ್ಡಿಯಾ ಸಾಯುತ್ತಾನೆ. ಗೆದ್ದವನು ಹೆಣವನ್ನು ತನ್ನ ದಡಕ್ಕೆ ಹೊತ್ತು ತಂದು ಅಳುತ್ತಾನೆ. ಈಗ ಅಲ್ಲಿ ಪೇಟೆ, ಸೇತುವೆ. ಹೊಳೆ ಸಣ್ಣದು. ದಡದಲ್ಲಿ ಇಬ್ಬರ ಮೂರ್ತಿ ಇದೆ. ಕಥೆ ಗೊತ್ತಿಲ್ಲದವರು ಎರಡು ನಿಮಿಷದಲ್ಲಿ ನೋಡಿ ಹೋಗುತ್ತಾರೆ. ನನಗೆ ಎದ್ದು ಬರಲು ಮನಸ್ಸಾಗಲಿಲ್ಲ.

ಊರಿನಿಂದ ಅಮ್ಮ ಬಂದಾಗ ಕರೆದುಕೊಂಡು ಹೋದದ್ದು ಡಂಡಾಕ್ ಹತ್ತಿರದ ಕ್ಲೋಹಾಫಾರ್ಮೋರ್‌ಗೆ. ಹೊಲದ ನಡುವೆ ಸುಮಾರು 3 ಮೀಟರ್ ಎತ್ತರದ ಒಂಟಿ ಕಲ್ಲು. ಮುಂದೊಂದು ಯುದ್ಧದಲ್ಲಿ ಹೊಟ್ಟೆ ಬಗೆದ ಗಾಯವಾದಾಗ, ನಿಂತೇ ಸಾಯಬೇಕು ಅಂತ ಕೂಹುಲಿನ್ ತನ್ನನ್ನು ಈ ಕಲ್ಲಿಗೆ ಕಟ್ಟಿಕೊಂಡನಂತೆ. ಕಾಗೆಯಂಥ ಹಕ್ಕಿಯೊಂದು ಬಂದು ಹೆಗಲ ಮೇಲೆ ಕೂರುವವರೆಗೂ ವೈರಿಗಳು ಹತ್ತಿರ ಬರಲು ಹೆದರಿದರು. ಅಮ್ಮ ಕಲ್ಲಿನ ಸುತ್ತ ಒಂದು ಸುತ್ತು ಬಂದು, ಪಾಚಿ ಹಿಡಿದ ಮೈಯನ್ನು ಅಂಗೈಯಿಂದ ಸವರಿ, "ಇದಕ್ಕೆ ವರ್ಷಕ್ಕೊಂದ್ಸಲನೂ ಪೂಜೆ ಇಲ್ವೇನೋ?" ಅಂದಳು. ಇಲ್ಲ ಅಂದೆ. "ನಮ್ಮೂರ ವೀರಗಲ್ಲಿಗೆ ಎಣ್ಣೆನಾದ್ರೂ ಹಾಕ್ತಾರೆ" ಅಂದಳು. ಈ ಕಲ್ಲಿನಲ್ಲಿ ಅಕ್ಷರವಿಲ್ಲ, ಕೆತ್ತನೆಯಿಲ್ಲ, ವೀರನನ್ನು ಕೈಲಾಸಕ್ಕೆ ಒಯ್ಯುವ ಅಪ್ಸರೆಯರಿಲ್ಲ. ಯಾರ ಕಲ್ಲು ಅನ್ನುವುದು ಜನರ ಬಾಯಲ್ಲೇ ಉಳಿದು ಬಂದಿದೆ.

ಹೊಲ ಯಾರದೋ ರೈತರದು. ದನ ಮೇಯುತ್ತಿದ್ದರೆ ದೂರದಿಂದ ಸುತ್ತಿ ಹೋಗಿ, ಗೇಟು ತೆರೆದರೆ ಮರೆಯದೆ ಮುಚ್ಚಿ ಬನ್ನಿ. ನಾಯಿ ಕರೆದೊಯ್ಯಬೇಡಿ. ಒಂದೇ ದಿನ ಇರುವವರು ಬೆಳಿಗ್ಗೆ ಸ್ಲೀವ್ ಗಲಿಯನ್ ಹತ್ತಿ, ಮಧ್ಯಾಹ್ನ ಕಾರ್ಲಿಂಗ್‌ಫರ್ಡ್‌ನಲ್ಲಿ ಬಿಸಿ ತರಕಾರಿ ಸೂಪು, ಸೋಡಾ ಬ್ರೆಡ್ಡು ತಿಂದು, ಸಂಜೆ ಈ ಕಲ್ಲಿನ ಹತ್ತಿರ ಬರಬಹುದು. ಜೂನ್‌ನಲ್ಲಾದರೆ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಆರ್ಡೀಗೂ ಹೊತ್ತು ಸಿಗುತ್ತದೆ. ವೀಸಾ ಗಣರಾಜ್ಯದ್ದಷ್ಟೇ ಇದ್ದರೆ ಗಲಿಯನ್, ಮೋಯ್ರಿ ಬಿಟ್ಟು ಕೂಲಿ, ಆರ್ಡೀ, ಕ್ಲೋಹಾಫಾರ್ಮೋರ್ ನೋಡಿ. ಆ ಮೂರೂ ಗಡಿಯ ಈಚೆಗೇ ಇವೆ.